ಪೈ ಕಲಿಯೋಕೆ ಮೊದಲು ಏನೇನು ಕೊಳ್ಳಬೇಕು? 19 ಲೀಟರ್ ಓವನ್, ದಾವಣಗೆರೆ ಬಿಸಿಲು, ಮನೆ ಬೆಣ್ಣೆ

ಹೊಸ_ಕೈ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಪೈ (ಮೈದಾ-ಬೆಣ್ಣೆ ಕಣಕದೊಳಗೆ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸೋದು) ಮಾಡೋದು ಕಲೀಬೇಕು ಅಂತಿದ್ದೀನಿ. ಮೊದಲು ಸೇಬಿನದು, ಅದು ಕೈ ಹಿಡಿದ ಮೇಲೆ ಆಲೂಗಡ್ಡೆ ಪಲ್ಯ ತುಂಬಿದ ಖಾರದ್ದು. ಕೇಕು, ಬಿಸ್ಕತ್ತು ಮಾಡಿ ಗೊತ್ತು. ಪೈ ಪೂರ್ತಿ ಹೊಸದು.

ಈಗ ಇರೋದು: 19 ಲೀಟರಿನ ಒ.ಟಿ.ಜಿ. (ಮೇಜಿನ ಮೇಲಿಡೋ ಚಿಕ್ಕ ಕರೆಂಟ್ ಓವನ್, 1300 ವ್ಯಾಟ್, ಮೇಲೂ ಕೆಳಗೂ ಕಾಯಿಲ್), ಚಪಾತಿ ಮಣೆ, ಲಟ್ಟಣಿಗೆ, ಮಿಕ್ಸಿ, ಅಳತೆ ಕಪ್ಪುಗಳು, 7 ಇಂಚಿನ ಒಂದು ಅಲ್ಯೂಮಿನಿಯಂ ಕೇಕ್ ಟಿನ್ನು. ಓವನ್ ಒಳಗೆ ಟೇಪು ಹಿಡಿದು ನೋಡಿದೆ: ಅಡ್ಡ 31 ಸೆಂ.ಮೀ., ಹಿಂದಕ್ಕೆ 27, ಎತ್ತರ 20.

ಯಾವ ವಿಡಿಯೋ ನೋಡಿದರೂ ಸಾಮಾನಿನ ಪಟ್ಟಿ ಉದ್ದ. ಗಾಜಿನ ಪೈ ತಟ್ಟೆ, ಪಿಂಗಾಣಿ ಗುಂಡುಗಳು, ಪೇಸ್ಟ್ರಿ ಬ್ಲೆಂಡರ್ (ಬೆಣ್ಣೆಯನ್ನು ಹಿಟ್ಟಿನಲ್ಲಿ ಚೂರು ಮಾಡೋ ಕೈ ಸಾಧನ), ಸಿಲಿಕಾನ್ ಹಾಸು, ಅಮೃತಶಿಲೆ ಲಟ್ಟಣಿಗೆ, ಫುಡ್ ಪ್ರೊಸೆಸರ್ ಅಂತ. ನನ್ನ ಕೈಲಿರೋದು ಎರಡು ಸಾವಿರ ರೂಪಾಯಿ. ಇದರಲ್ಲಿ ಬೇಕೇ ಬೇಕು ಅನ್ನೋದು ಯಾವುದು, ಮನೆ ಸಾಮಾನಲ್ಲೇ ಆಗೋದು ಯಾವುದು? ತಟ್ಟೆ ಗಾಜಿನದು ತಗೊಳ್ಳಲೋ ಲೋಹದ್ದೋ? ಬೆಣ್ಣೆ ನಾವು ಮನೇಲೇ ಕಡೆಯೋದು, ಅದೇ ನಡೆಯುತ್ತಾ? ಮೊಟ್ಟೆ ಬಳಸಲ್ಲ. ಇನ್ನೊಂದು, ಈಗ ಏಪ್ರಿಲ್. ಅಡುಗೆಮನೇಲಿ ಬೆಣ್ಣೆ ಐದು ನಿಮಿಷ ಗಟ್ಟಿ ನಿಲ್ಲಲ್ಲ.


ಓವನ್_ಲೆಕ್ಕ (ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ)

ಓವನ್ ಅಳತೆ ಕೊಟ್ಟಿದ್ದು ಬಹಳ ಒಳ್ಳೇದಾಯ್ತು, ತಟ್ಟೆಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ನೀವು ದುಡ್ಡು ಹಾಕಬೇಕಾದ್ದು ಮೂರಕ್ಕೆ ಮಾತ್ರ: ಡಿಜಿಟಲ್ ತಕ್ಕಡಿ, ಓವನ್ ಒಳಗೆ ಇಡುವ ಥರ್ಮಾಮೀಟರ್, ಒಂದು ಲೋಹದ ಪೈ ತಟ್ಟೆ. ಮೂರೂ ಸೇರಿ ಸುಮಾರು ಒಂದೂವರೆ ಸಾವಿರದಲ್ಲಿ ಮುಗಿಯುತ್ತೆ. ಪಟ್ಟಿಯಲ್ಲಿರುವ ಉಳಿದವೆಲ್ಲ ಈಗ ಬೇಡ.

ತಕ್ಕಡಿ ಯಾಕೆ ಮೊದಲು ಅಂದರೆ, ಪೈ ಕಣಕ ನಿಂತಿರೋದೇ ಮೈದಾ, ಬೆಣ್ಣೆ, ನೀರು ಈ ಮೂರರ ಪ್ರಮಾಣದ ಮೇಲೆ. ಮೈದಾವನ್ನು ಚಮಚದಿಂದ ಹಗುರಾಗಿ ಕಪ್ಪಿಗೆ ತುಂಬಿದರೆ ಸುಮಾರು 120-125 ಗ್ರಾಂ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150. ಎರಡೂವರೆ ಕಪ್ಪು ಹಿಟ್ಟಿನಲ್ಲಿ ಅರವತ್ತು-ಎಪ್ಪತ್ತು ಗ್ರಾಂ ವ್ಯತ್ಯಾಸ ಬಂತು. ಅಷ್ಟು ಹೆಚ್ಚಾದ ಹಿಟ್ಟಿಗೆ ನೀರು ಸಾಲದೆ ನೀವು ಇನ್ನಷ್ಟು ಸುರೀತೀರಿ, ನೀರು ಜಾಸ್ತಿಯಾದ ಕಣಕ ಬೆಂದ ಮೇಲೆ ಗಟ್ಟಿ ಹಲಗೆ ಆಗುತ್ತೆ. 1 ಗ್ರಾಂ ನಿಖರತೆಯ, 5 ಕೆ.ಜಿ. ತೂಗುವ ತಕ್ಕಡಿ ಸಾಕು. ಬಟ್ಟಲಿಟ್ಟು ಸೊನ್ನೆ ಮಾಡುವ ಗುಂಡಿ ಇರಬೇಕು, ಮತ್ತು ಎರಡು ನಿಮಿಷಕ್ಕೇ ತಾನಾಗಿ ಆರಿಹೋಗಬಾರದು. ಇದನ್ನು ಅಂಗಡಿಯಲ್ಲೇ ಬ್ಯಾಟರಿ ಹಾಕಿಸಿ ನೋಡಿ.

ಥರ್ಮಾಮೀಟರ್ ವಿಷಯ. ಒ.ಟಿ.ಜಿ. ಗುಂಡಿ 200 ತೋರಿಸಿದರೆ ಒಳಗೆ 200 ಇರುತ್ತೆ ಅನ್ನೋ ಖಾತ್ರಿ ಇಲ್ಲ. ಚಿಕ್ಕ ಓವನ್‌ಗಳಲ್ಲಿ 20-30 ಡಿಗ್ರಿ ಆಚೀಚೆ ಸಾಮಾನ್ಯ. ಕೇಕು 170ರಲ್ಲಿ ಬೇಯೋದರಿಂದ ಅಷ್ಟು ಗೊತ್ತಾಗಲ್ಲ. ಪೈಗೆ ಮೊದಲ ಇಪ್ಪತ್ತು ನಿಮಿಷ 210-220 ಬೇಕು. ಬೆಣ್ಣೆ ಕರಗಿ ಹರಿಯೋಕೆ ಮುಂಚೆ ಅದರೊಳಗಿನ ನೀರು ಹಬೆಯಾಗಿ ಪದರ ಎಬ್ಬಿಸಬೇಕು, ಸುತ್ತಲಿನ ಹಿಟ್ಟು ಗಟ್ಟಿಯಾಗಿ ಆ ಪದರವನ್ನು ಹಿಡಿದು ನಿಲ್ಲಿಸಬೇಕು. ಒಳಗೆ 180 ಮಾತ್ರ ಇದ್ದರೆ ಬೆಣ್ಣೆ ತಟ್ಟೆಗೆ ಇಳಿದು, ಕಣಕ ಅದರಲ್ಲೇ ಕರಿದ ಹಾಗಾಗುತ್ತೆ. ಸರಳುಗಳಿಗೆ ನೇತು ಹಾಕುವ ದುಂಡು ಮುಳ್ಳಿನ ಥರ್ಮಾಮೀಟರ್ ತಗೊಳ್ಳಿ, 300 ಡಿಗ್ರಿವರೆಗೆ ತೋರಿಸುವಂಥದ್ದು. ಅದು ಬರೋತನಕ ಸಕ್ಕರೆಯಿಂದ ಪರೀಕ್ಷೆ ಮಾಡಬಹುದು. ಸಕ್ಕರೆ ಕರಗುವುದು 186 ಡಿಗ್ರಿ ಹತ್ತಿರ. ಫಾಯಿಲ್ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್‌ನಲ್ಲಿ ಗುಂಡಿ 175ಕ್ಕೆ ಇಟ್ಟು ಹದಿನೈದು ನಿಮಿಷ ಬಿಡಿ, ಹರಳು ಹಾಗೇ ಇರಬೇಕು. ಹೊಸ ಸಕ್ಕರೆ ಹಾಕಿ 195ಕ್ಕೆ ಇಡಿ, ಕರಗಬೇಕು. 175ರಲ್ಲೇ ಕರಗಿದರೆ ಓವನ್ ಹೆಚ್ಚು ಕಾಯುತ್ತೆ, 195ರಲ್ಲೂ ಕರಗದಿದ್ದರೆ ಕಡಿಮೆ.

ಇಲ್ಲಿ ಕರೆಂಟಿನ ಮಾತೂ ಸೇರಿಸಬೇಕು. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 230 ಇರಬೇಕಾದಲ್ಲಿ 200 ಬಂದರೆ ನಿಮ್ಮ 1300 ವ್ಯಾಟಿನ ಓವನ್ ಸಾವಿರ ವ್ಯಾಟಿನದು ಅಂದುಕೊಳ್ಳಿ. ಸಂಜೆ ಎಲ್ಲರ ಮನೆಯಲ್ಲೂ ಫ್ಯಾನು, ಮೋಟರ್ ಓಡುವ ಹೊತ್ತಿನಲ್ಲಿ ಹೀಗಾಗೋದು ಹೆಚ್ಚು. ಬೆಳಿಗ್ಗೆ ಬೇಯಿಸಿ. ಓವನ್ ಪ್ಲಗ್ಗನ್ನು 16 ಆಂಪಿಯರ್ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಇನ್ನು ತಟ್ಟೆ. ಪಾಕವಿಧಾನಗಳು ಬಹುಪಾಲು 9 ಇಂಚಿನ ತಟ್ಟೆಗೆ ಬರೆದಿರುತ್ತವೆ. 9 ಇಂಚಿನದಕ್ಕೆ ಅಂಚೂ ಸೇರಿ 25 ಸೆಂ.ಮೀ. ಮೇಲಾಗುತ್ತೆ. ನಿಮ್ಮ ಓವನ್ 27. ಸುತ್ತಲೂ ಎರಡು-ಎರಡೂವರೆ ಸೆಂ.ಮೀ. ಜಾಗ ಇಲ್ಲದಿದ್ದರೆ ಬಿಸಿಗಾಳಿ ಮೇಲೇರಲ್ಲ, ಬಾಗಿಲ ಕಡೆ ಬಿಳಿ, ಹಿಂದೆ ಕಪ್ಪು. ನಿಮಗೆ ಸರಿಹೋಗೋದು 8 ಇಂಚು. ಅಂಚು ಸೇರಿ 23 ಸೆಂ.ಮೀ. ಮೀರದಂಥದ್ದು, ಆಳ 3ರಿಂದ 4 ಸೆಂ.ಮೀ., ಗೋಡೆ ಹೊರಕ್ಕೆ ವಾಲಿರಬೇಕು. ನೇರ ಗೋಡೆಯಲ್ಲಿ ಕಣಕ ಬೇಯುವಾಗ ಕೆಳಗೆ ಜಾರುತ್ತೆ. ಮೇಲೆ ಚಪ್ಪಟೆ ಅಂಚು ಅರ್ಧ ಇಂಚಾದರೂ ಇರಲಿ, ಕಣಕ ಮಡಚಿ ಒತ್ತೋದು ಅದರ ಮೇಲೇ.

9 ಇಂಚಿನ ಅಳತೆಯನ್ನು 8ಕ್ಕೆ ಇಳಿಸಲು 0.8ರಿಂದ ಗುಣಿಸಿ, 7ಕ್ಕೆ 0.6ರಿಂದ. ವಿಸ್ತೀರ್ಣದ ಲೆಕ್ಕ, ಇಂಚಿನ ಲೆಕ್ಕ ಅಲ್ಲ. 7 ಇಂಚಂದರೆ ಸ್ವಲ್ಪವೇ ಕಡಿಮೆ ಅಂತ ಅನಿಸಿದರೂ ಹೂರಣ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತೆ.

ಗಾಜೋ ಲೋಹವೋ ಅಂದರೆ, ಹೊಸಬರಿಗೆ ಲೋಹ, ಅದರಲ್ಲೂ ಅಲ್ಯೂಮಿನಿಯಂ ಅಥವಾ ಇಂಡಾಲಿಯಂ. ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ಸಾಗಿಸುತ್ತೆ. ಪೈ ಕೆಡೋದು ಹತ್ತರಲ್ಲಿ ಎಂಟು ಸಲ ತಳದಲ್ಲಿ, ತಳಕ್ಕೆ ಶಾಖ ಬೇಗ ಮುಟ್ಟಬೇಕು. ಮಂಡಿಪೇಟೆ ಸುತ್ತಿನ ಪಾತ್ರೆ ಅಂಗಡಿಗಳಲ್ಲಿ 'ಪೈ ತಟ್ಟೆ' ಅಂತ ಕೇಳಿದರೆ ಇಲ್ಲ ಅನ್ನಬಹುದು. ವಾಲಿದ ಗೋಡೆಯ ಅಂಚಿರುವ ಅಲ್ಯೂಮಿನಿಯಂ ತಟ್ಟೆ ಕೇಳಿ, ಬೆರಳಿಂದ ಒತ್ತಿದರೆ ಬಾಗದಷ್ಟು ದಪ್ಪ ಇದ್ದರೆ ಸಾಕು. ಊಟದ ಸ್ಟೀಲ್ ತಟ್ಟೆ ಬೇಡ. ಪಾರ್ಸಲ್ ಕೊಡುವ ತೆಳು ಫಾಯಿಲ್ ತಟ್ಟೆಯೂ ಬೇಡ, ತುಂಬಿದ ಪೈ ಎತ್ತುವಾಗ ಅದು ಮಡಚಿ ಕಣಕ ಬಿರುಕು ಬಿಡುತ್ತೆ. ಒಂದೇ ಎಚ್ಚರ: ಹುಳಿ ಹಣ್ಣಿನ ಪೈಯನ್ನು ಅಲ್ಯೂಮಿನಿಯಂನಲ್ಲೇ ರಾತ್ರಿಯಿಡೀ ಬಿಡಬೇಡಿ.

ಇವತ್ತೇ ಶುರು ಮಾಡೋ ಆಸೆ ಇದ್ದರೆ ಆ 7 ಇಂಚಿನ ಕೇಕ್ ಟಿನ್ನೇ ಸಾಕು. ಗೋಡೆಯ ಮೇಲೆ ಕಣಕ 4 ಸೆಂ.ಮೀ. ಎತ್ತರಕ್ಕೆ ಮಾತ್ರ ಹತ್ತಿಸಿ, ಕೆಳಗೆ ಬೇಕಿಂಗ್ ಪೇಪರಿನ ಎರಡು ಪಟ್ಟಿ ಅಡ್ಡಡ್ಡ ಹಾಕಿ ತುದಿ ಹೊರಗೆ ಬಿಡಿ, ಎತ್ತಲು ಹಿಡಿಕೆ ಆಗುತ್ತೆ. ಬೇಕಿಂಗ್ ಪೇಪರ್ ಬೇರೆ, ಬಟರ್ ಪೇಪರ್ ಬೇರೆ. ಸಿಲಿಕಾನ್ ಲೇಪ ಇರೋದು ಮೊದಲನೆಯದಕ್ಕೆ, ಅದು 220 ಡಿಗ್ರಿ ತಡೆಯುತ್ತೆ. ಬಟರ್ ಪೇಪರ್ ಆ ಬಿಸಿಗೆ ಹೊಗೆ ಹಾಕಿ ಕಣಕಕ್ಕೆ ಅಂಟಿಕೊಳ್ಳುತ್ತೆ.

ಹೂರಣ ಇಲ್ಲದೆ ಬರೀ ಕಣಕ ಬೇಯಿಸುವಾಗ ಅದು ಕುಸಿಯದಂತೆ, ಮೇಲೆ ಬೇಕಿಂಗ್ ಪೇಪರ್ ಹಾಸಿ ತುಂಬೋಕೆ ಪಿಂಗಾಣಿ ಗುಂಡು ಬಳಸ್ತಾರೆ. ಅದರ ಬದಲು ಒಣ ಕಡಲೆಕಾಳು, ಮುಕ್ಕಾಲು ಕೆ.ಜಿ. ಬರೀ ತಳದಲ್ಲಿ ಹರಡಿದರೆ ಪ್ರಯೋಜನ ಇಲ್ಲ, ಗೋಡೆಯ ಮೇಲಿನವರೆಗೆ ತುಂಬಬೇಕು, ಗೋಡೆಯನ್ನು ಒತ್ತಿ ಹಿಡಿಯೋದೇ ಅದರ ಕೆಲಸ. ಆ ಕಾಳು ಮತ್ತೆ ಬೇಯಲ್ಲ. ಡಬ್ಬಿಗೆ ಚೀಟಿ ಅಂಟಿಸಿ ಇದಕ್ಕೇ ಇಟ್ಟುಕೊಳ್ಳಿ.


ಬೆಣ್ಣೆ_ಬಟ್ಟಲು (ಹರಿಹರ)

ಮೇಲಿನವರು ಓವನ್ ಬಗ್ಗೆ ಹೇಳಿದ್ದೆಲ್ಲ ಸರಿ ಐತ್ರಿ. ಬೆಣ್ಣೆ, ಲಟ್ಟಿಸೋದು ಇವೆರಡರ ಬಗ್ಗೆ ನಾನು ಬರೀತೀನಿ. ಏಪ್ರಿಲ್‌ನಾಗ ದಾವಣಗೆರೆಯಲ್ಲಿ ಪೈ ಮಾಡೋರಿಗೆ ಅತಿ ಮುಖ್ಯವಾದ ಉಪಕರಣ ಫ್ರೀಜರ್, ಅದು ನಿಮ್ಮ ಮನ್ಯಾಗ ಆಗಲೇ ಐತೆ.

ಬೆಣ್ಣೆ 20 ಡಿಗ್ರಿ ದಾಟಿದ್ರೆ ಮೆತ್ತಗಾಗುತ್ತೆ, 32-35ಕ್ಕೆ ಕರಗಿ ನೀರಾಗುತ್ತೆ. ಹೊರಗೆ 38 ಇದ್ದಾಗ ಅಡುಗೆಮನೇಲಿ ಏನಾಗುತ್ತೆ ಅಂತ ನೀವೇ ಬರ್ದೀರಿ. ಬೆಣ್ಣೆ ಹಿಟ್ಟಿನೊಳಗೆ ಬಟಾಣಿಕಾಳಿನ ಗಾತ್ರದ ತುಣುಕಾಗಿ ಉಳಿದ್ರೆ ಪದರ, ಕರಗಿ ಹಿಟ್ಟಿಗೆ ಹೀರಿದ್ರೆ ಬಿಸ್ಕತ್ತು. ಅದಕ್ಕೆ ಬೆಳಿಗ್ಗೆ ಆರಕ್ಕೇ, ಒಲೆ ಹಚ್ಚೋಕೆ ಮುಂಚೆ ಕಣಕ ಮಾಡಿಬಿಡ್ರಿ. ಹಿಂದಿನ ರಾತ್ರಿ ಮೈದಾ ತೂಗಿ, ಸ್ಟೀಲ್ ಬೋಗುಣಿ ಸಮೇತ ಫ್ರೀಜರಿಗೆ ಇಡ್ರಿ. ಬೆಣ್ಣೆನೂ ಗಟ್ಟಿ ಮಾಡ್ರಿ.

ಪೇಸ್ಟ್ರಿ ಬ್ಲೆಂಡರ್ ಬ್ಯಾಡ್ರಿ. ಕ್ಯಾರೆಟ್ ತುರಿಯೋ ದಪ್ಪ ತೂತಿನ ತುರಿಮಣೆ ಸಾಕು. ಅದನ್ನೂ ಹತ್ತು ನಿಮಿಷ ಫ್ರೀಜರಿನಾಗ ಇಟ್ಟು, ಕಲ್ಲಿನಂಥ ಬೆಣ್ಣೆ ಗಟ್ಟಿಯನ್ನ ಕಾಗದದಲ್ಲಿ ಹಿಡಿದು ಸೀದಾ ಹಿಟ್ಟಿನ ಮೇಲೆ ತುರೀರಿ. ಇಪ್ಪತ್ತು-ಮೂವತ್ತು ಗ್ರಾಂ ತುರಿದ ಕೂಡಲೇ ಫೋರ್ಕಿನಿಂದ ಹಿಟ್ಟು ಹೊದಿಸಿ ಮುಂದಕ್ಕೆ ಹೋಗ್ರಿ, ಇಲ್ಲಾಂದ್ರೆ ಎಳೆಗಳು ಅಂಟಿ ಮುದ್ದೆ ಆಗ್ತಾವೆ. ಕೈ ಬಿಸಿ ಇರೋರು ಬೆರಳು ಮುಟ್ಟಿಸಲೇ ಬಾರದು. ಮಿಕ್ಸಿ ಬಗ್ಗೆ ಕೇಳೋರು ಬಹಳ. ಚಟ್ನಿ ಜಾರ್‌ನಾಗ ಕಣಕ ಆಗೋದಿಲ್ಲ, ಬ್ಲೇಡಿನ ಬಿಸಿಗೆ ಐದು ಸೆಕೆಂಡಲ್ಲಿ ಪೇಸ್ಟ್. ದೊಡ್ಡ ಜಾರ್‌ನಾಗ ಅರ್ಧ ಅಳತೆ ಹಾಕಿ, ಪಲ್ಸ್ ಗುಂಡಿಯನ್ನ ಒಂದೊಂದು ಸೆಕೆಂಡಿನಂತೆ ನಾಲ್ಕೈದು ಸಲ ಒತ್ತಿದ್ರೆ ನಡೆಯುತ್ತೆ, ಆದ್ರೆ ನೀರು ಮಾತ್ರ ಬೋಗುಣಿಗೆ ಸುರಿದುಕೊಂಡ ಮೇಲೆ ಕೈಯಿಂದಲೇ.

ಮನೆ ಬೆಣ್ಣೆ ನಡೆಯುತ್ತಾ ಅಂದ್ರೆ, ನಡೆಯುತ್ತೆ, ಅದರೊಳಗೆ ನೀರೆಷ್ಟು ಅಂತ ಗೊತ್ತಿದ್ರೆ. ಪ್ಯಾಕೆಟ್ಟಿನ ಟೇಬಲ್ ಬಟರಿನಾಗ ಕಾನೂನು ಪ್ರಕಾರ ಕೊಬ್ಬು 80 ಶೇಕಡಾಕ್ಕೆ ಕಮ್ಮಿ ಇರಬಾರದು, ತೇವ 16 ಮೀರಬಾರದು. ಬಿಳಿ ಬೆಣ್ಣೆಗೆ ಕನಿಷ್ಠ 76. ಮನ್ಯಾಗ ಕಡೆದದ್ದಕ್ಕೆ ಲೆಕ್ಕ ಇಲ್ಲ, ಮಜ್ಜಿಗೆ ಎಷ್ಟು ಉಳಿದೈತೋ ಅಷ್ಟು. ಪತ್ತೆ ಮಾಡೋದು ಸುಲಭ. 100 ಗ್ರಾಂ ಬೆಣ್ಣೆ ತೂಗಿ ತುಪ್ಪ ಕಾಯಿಸಿದ ಹಾಗೆ ಕಾಯಿಸ್ರಿ, ಚಟಪಟ ಸದ್ದು ನಿಂತ ಮೇಲೆ ಪಾತ್ರೆ ಸಮೇತ ತೂಗಿ ಪಾತ್ರೆ ತೂಕ ಕಳೀರಿ. 82-84 ಉಳಿದ್ರೆ ಅಂಗಡಿ ಬೆಣ್ಣೆಗೆ ಸಮ. 72 ಉಳಿದ್ರೆ 28 ಗ್ರಾಂ ನೀರು. ಹಂಗಿರೋ ಬೆಣ್ಣೆ 175 ಗ್ರಾಂ ಹಾಕಿದ್ರೆ 20 ಮಿ.ಲೀ. ನೀರು ಹೆಚ್ಚುವರಿ ಬಂದಂಗಾಯ್ತು, ಕಣಕಕ್ಕೆ ಹಾಕೋ ನೀರಿನಾಗ ಅಷ್ಟನ್ನ ಕಡಿಮೆ ಮಾಡಬೇಕು. ಇನ್ನೂ ಒಳ್ಳೇದು ಅಂದ್ರೆ, ಬೆಣ್ಣೆನ ಐಸ್ ನೀರಿನಾಗ ಮೂರ್ನಾಲ್ಕು ಸಲ, ನೀರು ತಿಳಿಯಾಗೋವರೆಗೆ ತೊಳೆದು, ಮರದ ಸೌಟಿನಿಂದ ಒತ್ತಿ ಹಿಂಡಿ, ಬಟ್ಟೆ ಮೇಲೆ ಒರೆಸಿ ಇಟ್ಟಿಗೆ ಆಕಾರ ಮಾಡಿ ಫ್ರೀಜ್ ಮಾಡ್ರಿ. ಮಜ್ಜಿಗೆ ಉಳಿದ ಬೆಣ್ಣೆ ಹುಳಿ ವಾಸನೆ ಕೊಡುತ್ತೆ, ಕಣಕ ಬೇಗ ಕಪ್ಪಾಗುತ್ತೆ. ಬೆಣ್ಣೆದೋಸೆಗೆ ಅಂತ ಮಾರೋ ಬಿಡಿ ಬೆಣ್ಣೆಗೂ ಇದೇ ಪರೀಕ್ಷೆ ಮಾಡ್ರಿ. ಉಪ್ಪಿನ ಟೇಬಲ್ ಬಟರ್ ಹಾಕಿದ್ರೆ ಕಣಕಕ್ಕೆ ಬೇರೆ ಉಪ್ಪು ಹಾಕಬ್ಯಾಡ್ರಿ.

ತುಪ್ಪ ಹಾಕಬಹುದಾ ಅಂತ ಮುಂದೆ ಯಾರಾದ್ರೂ ಕೇಳ್ತಾರೆ. ತುಪ್ಪದಾಗ ನೀರಿಲ್ಲ, ಹಬೆ ಇಲ್ಲ, ಪದರ ಏಳೋದಿಲ್ಲ. ರುಚಿಯಾದ ಪುಡಿಪುಡಿ ಕಣಕ ಬರುತ್ತೆ, ಮೇಲೆ ಕಣಕ ಮುಚ್ಚದ ತೆರೆದ ಪೈಗೆ ಚಲೋ. ಬೆಣ್ಣೆಗಿಂತ ಐದನೇ ಒಂದು ಭಾಗ ಕಡಿಮೆ ಹಾಕ್ರಿ.

ಲಟ್ಟಿಸೋ ಜಾಗ: 8 ಇಂಚಿನ ತಟ್ಟೆಗೆ ತಳ 20 ಸೆಂ.ಮೀ., ಗೋಡೆಗೆ ಆಚೀಚೆ ಮೂರ್ಮೂರು, ಮಡಚೋಕೆ ಎರಡೂವರೆ ಎರಡೂವರೆ, ಅಂದ್ರೆ 31 ಸೆಂ.ಮೀ. ಅಗಲದ ಕಣಕ. ಚಪಾತಿ ಮಣೆ 9-10 ಇಂಚು ಇರುತ್ತೆ, ಸಾಲೋದಿಲ್ಲ. ಗ್ರಾನೈಟ್ ಕಟ್ಟೆನೇ ಬಳಸ್ರಿ. ಸ್ಟೀಲ್ ತಟ್ಟೆ ತುಂಬ ಐಸ್ ಹಾಕಿ ಕಟ್ಟೆ ಮೇಲೆ ಹದಿನೈದು ನಿಮಿಷ ಇಟ್ಟು, ಎತ್ತಿ, ಒಣಬಟ್ಟೆಯಿಂದ ಒರೆಸಿ ಲಟ್ಟಿಸ್ರಿ. ಸಿಲಿಕಾನ್ ಹಾಸಿನಿಂದ ಕಲ್ಲಿನ ತಂಪು ಕಣಕಕ್ಕೆ ತಟ್ಟೋದೇ ಇಲ್ಲ. ಲಟ್ಟಣಿಗೆ ನಡುವೆ ಉಬ್ಬಿದ್ದು ಬ್ಯಾಡ, ಮಧ್ಯದಾಗ ತೆಳು ಬಿದ್ದು ಹೂರಣದ ರಸ ಅಲ್ಲೇ ಸೋರುತ್ತೆ. ಸಪಾಟು ಕಟ್ಟೆ ಮೇಲೆ ಉರುಳಿಸಿ ಕಣ್ಣಿನ ಮಟ್ಟಕ್ಕೆ ಬಾಗಿ ನೋಡ್ರಿ, ಕೆಳಗೆ ಬೆಳಕು ಕಾಣಬಾರದು. ದಪ್ಪ 3 ಮಿ.ಮೀ., ಚಪಾತಿಗಿಂತ ದುಪ್ಪಟ್ಟು. ಮಧ್ಯದಿಂದ ಹೊರಕ್ಕೆ ಒತ್ತಿ, ಪ್ರತಿ ಸಲ ಕಾಲು ಸುತ್ತು ತಿರುಗಿಸ್ರಿ. ಕಣಕ ಮೆತ್ತಗೆ ಹೊಳೆಯೋಕೆ ಶುರುವಾದ್ರೆ ಹಿಟ್ಟು ಉದುರಿಸಿ ಮುಂದುವರಿಸೋದಲ್ಲ, ತಟ್ಟೆ ಮೇಲೆ ಜಾರಿಸಿ ಹತ್ತು ನಿಮಿಷ ಫ್ರೀಜರಿಗೆ.

ಮೇಲೆ ಜಾಲರಿ ಹೆಣೆಯೋಕೆ ಕರ್ಜಿಕಾಯಿ ಅಂಚು ಕತ್ತರಿಸೋ ಹಲ್ಲಿನ ಚಕ್ರ ಇದ್ರೆ ಅದೇ ತಗೊಳ್ರಿ, ಅದಕ್ಕಿಂತ ಬೇರೆ ಬ್ಯಾಡ.


ಹೊಸ_ಕೈ

ಇಬ್ಬರಿಗೂ ಬಹಳ ಧನ್ಯವಾದ. ಬೆಣ್ಣೆ ಕಾಯಿಸಿ ತೂಗೋದು ನನಗೆ ತಿಳಿದೇ ಇರಲಿಲ್ಲ. ಇನ್ನೆರಡು ಕೇಳ್ತೀನಿ. ಮನೇಲಿ ಉಡುಗೊರೆ ಬಂದ ಬೋರೋಸಿಲ್ ಗಾಜಿನ ದುಂಡು ತಟ್ಟೆ ಇದೆ, ಲೋಹದ್ದು ಬರೋತನಕ ಅದು ನಡೆಯುತ್ತಾ? ಚಿತ್ರದುರ್ಗದಲ್ಲಿರೋ ನನ್ನ ತಂಗಿಗೂ ಕಲಿಯೋ ಆಸೆ. ಅವಳ ಹತ್ತಿರ ಓವನ್ ಇಲ್ಲ, ಗ್ಯಾಸ್ ಒಲೆ ಮಾತ್ರ. ಕುಕ್ಕರ್‌ನಲ್ಲಿ ಕೇಕು ಮಾಡಿದ ಹಾಗೆ ಪೈ ಆಗುತ್ತಾ? ಮೊದಲ ಪೈಗೆ ಅಳತೆಯನ್ನೂ ಒಮ್ಮೆ ಪೂರ್ತಿ ಬರೆದುಕೊಡಿ.


ದುರ್ಗದ_ಒಲೆ (ಚಿತ್ರದುರ್ಗ)

ತಂಗಿಯವರ ಪ್ರಶ್ನೆಗೆ: ಮುಚ್ಚಿದ ಪೈ, ಅಂದರೆ ಮೇಲೂ ಕಣಕ ಇರುವುದು, ಒಲೆಯ ಮೇಲೆ ಸರಿಯಾಗಿ ಆಗುವುದಿಲ್ಲ. ಶಾಖ ಕೆಳಗಿನಿಂದ ಮಾತ್ರ ಬರುತ್ತದೆ. ಮೇಲಿನ ಕಣಕ ಹಬೆಯಲ್ಲಿ ಬೆಂದು ಬಿಳಿಚಿ ಒದ್ದೆಯಾಗಿಯೇ ಉಳಿಯುತ್ತದೆ, ಎಷ್ಟು ಹೊತ್ತು ಇಟ್ಟರೂ ಬಣ್ಣ ಬರುವುದಿಲ್ಲ. ತೆರೆದ ಪೈ ಮಾತ್ರ ಚೆನ್ನಾಗಿ ಬರುತ್ತದೆ. ಅಲ್ಲಿ ಕಣಕವನ್ನು ಬರಿದೇ ಬೇಯಿಸಿಕೊಂಡು, ಹೂರಣವನ್ನು ಬೇರೆ ಬಾಣಲೆಯಲ್ಲಿ ಮಾಡಿ, ಆರಿಸಿ ತುಂಬುವುದು.

ಪಾತ್ರೆಯಾಗಿ ಪ್ರೆಷರ್ ಕುಕ್ಕರ್ ಬೇಡ ಎನ್ನುತ್ತೇನೆ. ಗ್ಯಾಸ್ಕೆಟ್, ಸೀಟಿ ತೆಗೆದು ಮಾಡುವವರಿದ್ದಾರೆ, ಆದರೆ ನೀರಿಲ್ಲದೆ ಮುಕ್ಕಾಲು ಗಂಟೆ ಕಾದರೆ ತೆಳು ಕುಕ್ಕರಿನ ತಳ ಸೊಟ್ಟಗಾಗಿ ಆಮೇಲೆ ಅನ್ನಕ್ಕೂ ಸರಿಯಾಗಿ ಕೂರುವುದಿಲ್ಲ. ಹಳೆಯ ದಪ್ಪ ತಳದ ಅಲ್ಯೂಮಿನಿಯಂ ಬಾಣಲೆ ಅಥವಾ ಬೋಗುಣಿ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ, ಒಳಗೆ ಎರಡು ಸೆಂ.ಮೀ. ಪುಡಿಯುಪ್ಪು, ಅದರ ಮೇಲೆ ಎರಡು ಇಂಚಿನ ಸ್ಟ್ಯಾಂಡ್. ನಾನ್‌ಸ್ಟಿಕ್ ಪಾತ್ರೆ ಖಾಲಿ ಕಾಯಿಸಲೇಬಾರದು. ಇಲ್ಲಿ ಲಕ್ಷ್ಮಿ ಬಜಾರಿನ ಪಾತ್ರೆ ಅಂಗಡಿಗಳಲ್ಲಿ ಇಂಥ ದಪ್ಪ ಬೋಗುಣಿಯನ್ನು ತೂಕದ ಲೆಕ್ಕಕ್ಕೆ ಕೇಳಬಹುದು.

ಮುಚ್ಚಳ ಹಾಕಿ ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚಿನ ಉರಿಯಲ್ಲಿ ಹದಿನೈದು ನಿಮಿಷ ಕಾಯಿಸಿ. ಆರು ಅಥವಾ ಏಳು ಇಂಚಿನ ತಟ್ಟೆಗೆ ಒತ್ತಿದ ಕಣಕ ಫ್ರೀಜರಿನಲ್ಲಿ ಅರ್ಧ ಗಂಟೆ ಇದ್ದಿರಬೇಕು, ತಳಕ್ಕೆ ಫೋರ್ಕಿನಿಂದ ಚುಚ್ಚಿರಬೇಕು. ಬೇಕಿಂಗ್ ಪೇಪರ್, ಅದರ ಮೇಲೆ ಕಾಳು ತುಂಬಿ ಒಳಗಿಟ್ಟು ಇಪ್ಪತ್ತೈದು ನಿಮಿಷ. ಆಮೇಲೆ ಕಾಳು ತೆಗೆದು, ಮುಚ್ಚಳವನ್ನು ಒಂದು ಚಮಚದ ಹಿಡಿ ಸಿಕ್ಕಿಸಿ ಓರೆಯಾಗಿಟ್ಟು ಇನ್ನೂ ಹದಿನೈದು ನಿಮಿಷ. ಈ ಓರೆ ಮುಚ್ಚಳ ಬಹಳ ಮುಖ್ಯ. ಬೆಣ್ಣೆಯ ನೀರು ಹಬೆಯಾಗಿ ಮುಚ್ಚಳಕ್ಕೆ ತಗುಲಿ ಮತ್ತೆ ಕಣಕದ ಮೇಲೆಯೇ ತೊಟ್ಟಿಕ್ಕುತ್ತದೆ, ಅದು ಹೊರಗೆ ಹೋಗದಿದ್ದರೆ ಗರಿಯಾಗುವುದಿಲ್ಲ. ಓವನ್ ಥರ್ಮಾಮೀಟರನ್ನು ತಂಗಿಯವರೂ ಕೊಂಡರೆ ಉಪಯೋಗವಿದೆ. ಒಳಗೆ 190-200 ನಿಂತ ಉರಿಯನ್ನು ನೋಡಿ ಗುರುತಿಟ್ಟುಕೊಂಡರೆ ಪ್ರತಿ ಸಲ ಅಂದಾಜು ಮಾಡಬೇಕಿಲ್ಲ.

ಹೂರಣಕ್ಕೆ ಈ ಕಾಲದಲ್ಲಿ ಮಾವು. ಹಸಿ ಹೋಳು ಹಾಕಿದರೆ ನೀರು ಬಿಡುತ್ತದೆ. ಏಳು ಇಂಚಿನ ಪೈಗೆ 300 ಗ್ರಾಂ ಮಾವಿನ ರಸ, 120 ಮಿ.ಲೀ. ಹಾಲು, ಹಣ್ಣಿನ ಸಿಹಿ ನೋಡಿಕೊಂಡು 40-50 ಗ್ರಾಂ ಸಕ್ಕರೆ, 25 ಗ್ರಾಂ ಕಾರ್ನ್‌ಫ್ಲೋರ್. ಎಲ್ಲವನ್ನೂ ತಣ್ಣಗಿದ್ದಾಗಲೇ ಗಂಟಿಲ್ಲದಂತೆ ಕದಡಿ, ಒಲೆಗಿಟ್ಟು, ಗುಳ್ಳೆ ಬಂದ ಮೇಲೂ ಒಂದು ನಿಮಿಷ ಕೈಯಾಡಿಸಿ. ಗುಳ್ಳೆ ಬರುವ ಮುಂಚೆ ಇಳಿಸಿದರೆ ಫ್ರಿಜ್ಜಿನಲ್ಲಿ ಮತ್ತೆ ತೆಳ್ಳಗಾಗುತ್ತದೆ. ಕಣಕವೂ ಹೂರಣವೂ ಎರಡೂ ಆರಿದ ಮೇಲೆ ತುಂಬಿ, ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಟ್ಟು ಕತ್ತರಿಸಿ.

ಕನ್ವೆಕ್ಷನ್ ಇರುವ ಮೈಕ್ರೋವೇವ್ ಯಾರ ಬಳಿಯಾದರೂ ಇದ್ದರೆ ಅದರಲ್ಲಿ ಮುಚ್ಚಿದ ಪೈಯೂ ಆಗುತ್ತದೆ. ಆದರೆ ಬಹುಪಾಲು ಮಾದರಿಗಳಲ್ಲಿ ತಳದಲ್ಲಿ ಕಾಯಿಲ್ ಇರುವುದಿಲ್ಲ, ಆದ್ದರಿಂದ ತಳದ ಕಣಕವನ್ನು ಮೊದಲೇ ಬರಿದಾಗಿ ಬೇಯಿಸಿಕೊಳ್ಳಬೇಕು. ಸಾದಾ ಮೈಕ್ರೋವೇವಿನಲ್ಲಿ ಪೈ ಬೇಯುವುದಿಲ್ಲ, ಪ್ರಯತ್ನವೂ ಬೇಡ.


ಓವನ್_ಲೆಕ್ಕ

ಗಾಜಿನ ತಟ್ಟೆ ನಡೆಯುತ್ತೆ. ಅದರಲ್ಲೊಂದು ದೊಡ್ಡ ಅನುಕೂಲ ಇದೆ, ತಳದ ಬಣ್ಣ ಹೊರಗಿನಿಂದಲೇ ಕಾಣುತ್ತೆ. ಆದರೆ ಅದನ್ನು ಫ್ರೀಜರಿನಿಂದ ನೇರ ಬಿಸಿ ಓವನ್‌ಗೆ ಹಾಕುವಂತಿಲ್ಲ. ಬೋರೋಸಿಲಿಕೇಟ್ ಗಾಜು ಸಾಮಾನ್ಯ ಗಾಜಿಗಿಂತ ಹೆಚ್ಚು ತಡೆಯುತ್ತೆ ನಿಜ, ಆದರೂ ಅಷ್ಟು ದೊಡ್ಡ ಏರಿಳಿತಕ್ಕೆ ಒಡ್ಡಬಾರದು. ಬೆಂದ ಮೇಲೆ ಒದ್ದೆ ಗ್ರಾನೈಟ್ ಮೇಲೂ ಇಡಬಾರದು, ಮರದ ಹಲಗೆ ಅಥವಾ ಮಡಚಿದ ಒಣಬಟ್ಟೆ ಮೇಲೆ ಇಡಿ. ಈ ಬಿಸಿಲಲ್ಲಿ ಕಣಕವನ್ನು ತಟ್ಟೆಯ ಸಮೇತ ಫ್ರೀಜ್ ಮಾಡಿ ಸೀದಾ ಓವನ್‌ಗೆ ಹಾಕೋದೇ ನಮಗೆ ಇರುವ ದಾರಿ, ಅದಕ್ಕೇ ಲೋಹ ಅಂದಿದ್ದು. ಗಾಜಿನದರಲ್ಲಿ ಮಾಡೋದಾದರೆ ಫ್ರೀಜರ್ ಬದಲು ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು, ಹದಿನೈದು ನಿಮಿಷ ಹೊರಗೆ ಬಿಟ್ಟು, ಓವನ್ 10-15 ಡಿಗ್ರಿ ಕಡಿಮೆ ಇಟ್ಟು, ಹೊತ್ತು ಸ್ವಲ್ಪ ಹೆಚ್ಚಿಸಿ.

8 ಇಂಚಿನ ಮುಚ್ಚಿದ ಸೇಬಿನ ಪೈ ಅಳತೆ. ಕಣಕಕ್ಕೆ ಮೈದಾ 250 ಗ್ರಾಂ, ಉಪ್ಪಿಲ್ಲದ ಬೆಣ್ಣೆ 175 ಗ್ರಾಂ, ಉಪ್ಪು 4 ಗ್ರಾಂ, ಸಕ್ಕರೆ 8 ಗ್ರಾಂ, ಐಸ್ ನೀರು 60ರಿಂದ 75 ಮಿ.ಲೀ. ನೀರನ್ನು ಮೊದಲು 50 ಹಾಕಿ, ಆಮೇಲೆ ಒಂದೊಂದೇ ಚಮಚ. ಹಿಡಿ ಕಟ್ಟಿದರೆ ಉಂಡೆ ನಿಲ್ಲಬೇಕು, ತಳದಲ್ಲಿ ಒಣಹಿಟ್ಟು ಉದುರಬಾರದು, ಆದರೆ ಬೋಗುಣಿಗೆ ಅಂಟಲೂಬಾರದು. ಅಲ್ಲಿಗೆ ನಿಲ್ಲಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಜಿಗುಟು ಬಲಿತು ಬೇಯುವಾಗ ಕಣಕ ಎಳೆದುಕೊಂಡು ಗೋಡೆ ಕುಸಿಯುತ್ತೆ. ಎರಡು ಪಾಲು ಮಾಡಿ, ತಳಕ್ಕೆ ಸ್ವಲ್ಪ ದೊಡ್ಡದು, 2 ಸೆಂ.ಮೀ. ದಪ್ಪದ ಬಿಲ್ಲೆ ತಟ್ಟಿ, ಸುತ್ತಿ, ಫ್ರಿಜ್ಜಿನಲ್ಲಿ ಕನಿಷ್ಠ ಒಂದು ಗಂಟೆ. ರಾತ್ರಿಯಿಡೀ ಇದ್ದರೆ ಇನ್ನೂ ಒಳ್ಳೆಯದು.

ಹೂರಣಕ್ಕೆ ಸೇಬು 800 ಗ್ರಾಂ (ಸಿಪ್ಪೆ ತೆಗೆಯುವ ಮುಂಚಿನ ತೂಕ), ಸಕ್ಕರೆ 75 ಗ್ರಾಂ, ನಿಂಬೆರಸ ಒಂದು ದೊಡ್ಡ ಚಮಚ, ಚಕ್ಕೆಪುಡಿ ಅರ್ಧ ಟೀ ಚಮಚ, ಕಾರ್ನ್‌ಫ್ಲೋರ್ 20 ಗ್ರಾಂ, ಚಿಟಿಕೆ ಉಪ್ಪು. ಸೇಬು ಅರ್ಧ ಸೆಂ.ಮೀ. ದಪ್ಪಕ್ಕೆ ಹೆಚ್ಚಿ ಸಕ್ಕರೆ, ನಿಂಬೆರಸ ಹಾಕಿ ಅರ್ಧ ಗಂಟೆ ಬಿಟ್ಟು, ಬಿಟ್ಟ ರಸವನ್ನು ಮಾತ್ರ ಒಲೆಯಲ್ಲಿ ಅರ್ಧಕ್ಕೆ ಇಳಿಸಿ. ಅದು ಆರಿದ ಮೇಲೆ ಹೋಳಿಗೆ ಬೆರೆಸಿ, ಕಾರ್ನ್‌ಫ್ಲೋರ್ ಮತ್ತು ಚಕ್ಕೆಪುಡಿ ಕಲಸಿ. ಹೀಗೆ ಮಾಡಿದರೆ ತಳ ನೆನೆಯೋದು ಬಹಳ ಕಡಿಮೆ.

ಓವನ್‌ನ ಕೆಳಗಿನ ಹಂತದಲ್ಲಿ ಒಂದು ದಪ್ಪ ಟ್ರೇ ಇಟ್ಟು, ಥರ್ಮಾಮೀಟರಿನಲ್ಲಿ 220 ಬರೋತನಕ ಕಾಯಿಸಿ. ಪೈ ತುಂಬಿ, ಮುಚ್ಚಿ, ಅಂಚು ಒತ್ತಿ, ಮೇಲೆ ನಾಲ್ಕೈದು ಕಡೆ ಎರಡು ಬೆರಳಷ್ಟು ಉದ್ದ ಸೀಳಿ, ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಟ್ಟು, ಆ ಕಾದ ಟ್ರೇ ಮೇಲೆ ಇಡಿ. ಟ್ರೇ ತಳಕ್ಕೆ ತಕ್ಷಣ ಶಾಖ ಕೊಡುತ್ತೆ, ಉಕ್ಕಿದ ರಸವನ್ನೂ ಹಿಡಿಯುತ್ತೆ. ಮೊದಲ 25 ನಿಮಿಷ 215, ಆಮೇಲೆ 180ಕ್ಕೆ ಇಳಿಸಿ 35-40 ನಿಮಿಷ. 20 ಸೆಂ.ಮೀ. ಎತ್ತರದ ಓವನ್‌ನಲ್ಲಿ ಮೇಲಿನ ಕಾಯಿಲ್ ಬಹಳ ಹತ್ತಿರ, ಬಣ್ಣ ಬಂದ ಕೂಡಲೇ ಫಾಯಿಲ್ ಹೊದಿಸಿ. ಹೊದಿಸಿದ ಮೇಲೂ ಪೂರ್ತಿ ಹೊತ್ತು ಬೇಯಿಸಬೇಕು, ಮೇಲೆ ಹೊನ್ನಿನ ಬಣ್ಣ ನೋಡಿ ತೆಗೆದವರ ಪೈಗಳೇ ತಳದಲ್ಲಿ ಹಸಿ ಉಳಿಯೋದು. ನಡುವಿನ ಸೀಳಿನಲ್ಲಿ ರಸ ಮಂದವಾಗಿ ಗುಳ್ಳೆ ಒಡೆಯುತ್ತಿದ್ದರೆ ಆಯ್ತು. ಕುದಿಯದಿದ್ದರೆ ಕಾರ್ನ್‌ಫ್ಲೋರ್ ಹಿಡಿಯಲ್ಲ. ಫುಲ್ಕಾ ಸುಡುವ ಜಾಲಿ ಮೇಲಿಟ್ಟು ಮೂರು ಗಂಟೆ ಆರಿಸಿ, ಬಿಸಿ ಇದ್ದಾಗ ಕತ್ತರಿಸಿದರೆ ರಸವೆಲ್ಲ ತಟ್ಟೆಗೆ.

ಪಲ್ಯದ ಪೈಗೂ ಇದೇ ಕಣಕ, ಸಕ್ಕರೆ ಬಿಡಿ. ಪಲ್ಯ 550-600 ಗ್ರಾಂ ಹಿಡಿಯುತ್ತೆ. ದೋಸೆಗೆ ಮಾಡುವ ಪಲ್ಯ ಇದಕ್ಕೆ ತೆಳುವಾಯ್ತು, ನೀರು ಹಾಕದೆ ಬಾಣಲೆಯಲ್ಲಿ ಒಣಗಿಸಿ, ಫ್ರಿಜ್ಜಿನಲ್ಲಿ ಪೂರ್ತಿ ತಣ್ಣಗಾದ ಮೇಲೆ ತುಂಬಿ. ಬೆಚ್ಚಗಿನ ಪಲ್ಯ ಹಾಕಿದ ಕ್ಷಣವೇ ತಳದ ಬೆಣ್ಣೆ ಕರಗಿ ಪದರ ಹೋಯಿತು. ಮೊದಲ 25 ನಿಮಿಷ 215ರಲ್ಲೇ ಇರಲಿ, ಹೂರಣ ಆಗಲೇ ಬೆಂದಿರೋದರಿಂದ ಆಮೇಲೆ 180ರಲ್ಲಿ 20-25 ನಿಮಿಷ ಸಾಕು.


ಹೊಸ_ಕೈ

ತಕ್ಕಡಿ, ಥರ್ಮಾಮೀಟರ್ ಎರಡೂ ಆರ್ಡರ್ ಮಾಡಿದೆ. ತಟ್ಟೆಗೆ ಮಂಡಿಪೇಟೆಗೆ ಹೋಗ್ತೀನಿ. ಮೊಟ್ಟೆ ಸವರದೆ ಮೇಲೆ ಬಣ್ಣ ಬರುತ್ತಾ? ಬ್ರಷ್ ಯಾವುದು?


ಬೆಣ್ಣೆ_ಬಟ್ಟಲು

ಬರುತ್ರಿ. ಎರಡು ಚಮಚ ಗಟ್ಟಿ ಹಾಲಿಗೆ ಒಂದು ಚಮಚ ಕೆನೆ, ಕಾಲು ಚಮಚ ಸಕ್ಕರೆ ಕದಡಿ, ಓವನ್‌ಗೆ ಇಡೋ ಮುಂಚೆ ತೆಳ್ಳಗೆ ಒಂದು ಸಲ ಸವರ್ರಿ. ಮೊಟ್ಟೆಯಷ್ಟು ಹೊಳಪು ಇರೋದಿಲ್ಲ, ಬಣ್ಣ ಚಲೋ ಬರುತ್ತೆ. ಹೊಳಪು ಬೇಕಂದ್ರೆ ಹೊರಗೆ ತೆಗೆಯೋ ಹತ್ತು ನಿಮಿಷ ಮುಂಚೆ ಇನ್ನೊಂದು ಸಲ ಸವರ್ರಿ. ಅಂಚಿನ ಮಡಿಕೆಯಾಗ ಹಾಲು ನಿಲ್ಲಬಾರದು, ನಿಂತ ಜಾಗದಾಗ ಕಣಕ ತಟ್ಟೆಗೆ ಅಂಟಿ, ಕತ್ತರಿಸುವಾಗ ಅಂಚೇ ಕಿತ್ತು ಬರುತ್ತೆ. ಸಿಲಿಕಾನ್ ಬ್ರಷ್ ಹಾಲನ್ನ ಹಿಡಿದಿಡೋದಿಲ್ಲ, ಹನಿ ಹನಿ ಬಿಡುತ್ತೆ. ಒಂದಿಂಚಿನ ಮೆತ್ತನೆ ಕೂದಲಿನ ಅಡುಗೆ ಬ್ರಷ್ ತಗೊಂಡು, ಕೂದಲು ಎಳೆದು ನೋಡಿ ಉದುರದ್ದನ್ನ ಆರಿಸ್ರಿ. ಬ್ರಷ್ ಸಿಗೋತನಕ ಹತ್ತಿ ಬಟ್ಟೆ ಚೂರು ಅದ್ದಿ ಹಿಂಡಿ ಒತ್ತಿದ್ರೂ ನಡೆಯುತ್ತೆ.